ಮೊಣಕೈ ಚಿಕಿತ್ಸೆ

ಹೇಳಿದ ಮಾತನ್ನು ಸ್ವಂತ ಕಣ್ಣುರೆಪ್ಪೆಯೇ ಕೇಳದಿದ್ದರೆ ಮನುಷ್ಯನಿಗೆ ಮಾನ ಉಳಿಯುವುದು ಕಷ್ಟ. ನನ್ನದು ವಾರಕ್ಕೊಮ್ಮೆಯಾದರೂ ಹೋಗುತ್ತಿತ್ತು.

೧. ಸೇನಾಪತಿಯ ನಿದ್ದೆ

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನ ಯುದ್ಧ. ಸುಳ್ಯದಲ್ಲಿ ಮುದಿ ಸೇನಾಪತಿಯ ಪಾತ್ರ ಮಾಡುತ್ತಿದ್ದಾಗ ರೆಪ್ಪೆ ಎರಡೂ ಜಾರಿದವು. ಎದುರಿನ ಯುವರಾಜ ಬಿಡುತ್ತಾನೆಯೇ? "ಯುದ್ಧಭೂಮಿಯಲ್ಲಿ ನಿದ್ರಿಸುವವನೊಡನೆ ಹೇಗೆ ಹೋರಾಡಲಿ?" ಎಂದ. ಉತ್ತರ ಕೊಡಹೊರಟರೆ ಸ್ವರ ಮೂಗಿಗೇರಿ, ನಾಲ್ಕೇ ವಾಕ್ಯಕ್ಕೆ ಬತ್ತಿಹೋಯಿತು. ನನಗೆ ಒಳಗೊಳಗೇ ಹೆದರಿಕೆ, ಸಭೆಯಲ್ಲಿ ಚಪ್ಪಾಳೆ! ಸಂಘಟಕರು ಕೈಹಿಡಿದು, "ಮುದುಕ ಅಂದ್ರೆ ಹೀಗಿರ್ಬೇಕು ಮಾರಾಯ್ರೆ. ಮುಂದಿನ ಸಲವೂ ನಿಮಗೆ ಇದೇ ಪಾತ್ರ" ಎಂದರು.

೨. ಪಕ್ಕೆ ನೋವು

ಪುತ್ತೂರಿನ ಡಾಕ್ಟರು ಮಯಸ್ತೇನಿಯಾ ಎಂದರು. ದೇಹದ ಕಾವಲು ಪಡೆಯೇ ದಾರಿ ತಪ್ಪಿ, ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದಂತೆ. "ಇಂಥವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ಅಪಾಯ ಹೆಚ್ಚು. ಅದು ಸರಿಯಾಗುವವರೆಗೆ ತಾಳಮದ್ದಳೆ ಬೇಡ. ಗೊರಕೆ ಉಂಟಾ?"

ಹೆಂಡತಿ ನನಗಿಂತ ಮೊದಲೇ, "ಗೊರಕೆ ಇದ್ರೆ ಧೈರ್ಯ ಡಾಕ್ಟ್ರೇ, ನಿಂತ್ರೇ ಹೆದರಿಕೆ. ಆರು ತಿಂಗಳಿಂದ ನನಗೆ ನಿದ್ದೆಯೇ ಇಲ್ಲ" ಎಂದಳು.

"ಪಕ್ಕೆಯಲ್ಲೂ ವಿಪರೀತ ನೋವು. ಅದೂ ಇದೇ ಕಾಯಿಲೆಯದ್ದಾ?" ಎಂದು ಕೇಳಿದೆ.

ಹೆಂಡತಿ ತಲೆತಗ್ಗಿಸಿದಳು. "ಅಲ್ಲ. ಉಸಿರು ನಿಂತ ಕೂಡಲೇ ನಾನು ಮೊಣಕೈಯಲ್ಲಿ ತಿವಿಯುದು."

"ಪರೀಕ್ಷೆ ಮಾಡಿ, ಉಸಿರಿಗೆ ಒಂದು ಮೆಷಿನ್ ಕೊಡುವ. ಅದು ಬರುವವರೆಗೆ ತಿವಿಯುದು ನಿಲ್ಲಿಸ್ಬೇಡಿ" ಎಂದರು ಡಾಕ್ಟರು.

೩. ಗಾಳಿಯ ಮೆಷಿನ್

ಮಾತ್ರೆ ಶುರುವಾಯಿತು. ನಿದ್ದೆಯ ಪರೀಕ್ಷೆಯೂ ಆಗಿ, ಮೂಗಿಗೆ ಗಾಳಿ ಒತ್ತುವ ಮೆಷಿನ್ ಮನೆಗೆ ಬಂತು. ಪೆರಾಬೆಯಿಂದ ಬಂದ ಹೆಂಡತಿಯ ಅಣ್ಣ ಮಾಸ್ಕು, ಪೈಪು ತಿರುಗಿಸಿ ನೋಡಿ, "ಎಂತ ಭಾವ, ಮಲಗಿದಲ್ಲಿಂದಲೇ ಅಡಿಕೆ ಮರಕ್ಕೆ ಮದ್ದು ಹೊಡೆಯುದಾ?" ಎಂದರು.

ಗೊರಕೆ ನಿಂತಿತು. ತಿವಿತ ನಿಲ್ಲಲಿಲ್ಲ. "ಮೆಷಿನ್ ಉಸಿರಾಡುದು ಕೇಳ್ತದೆ. ನೀವು ಉಸಿರಾಡುದು ನನಗೆ ಹೇಗೆ ಗೊತ್ತಾಗುದು?" ಎಂಬುದು ಅವಳ ವಾದ.

೪. ಕಡಬದ ಕೂಟ

ಕೆಲವು ತಿಂಗಳ ಮೇಲೆ ತಾಳಮದ್ದಳೆಗೆ ಡಾಕ್ಟರು ಒಪ್ಪಿದರು. ಕಡಬದಲ್ಲಿ ಮಧ್ಯಾಹ್ನದ ಕೂಟ, ಅದೇ ಸೇನಾಪತಿ, ಅದೇ ಯುವರಾಜ. ಮೊದಲ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಅವಳ ಅಣ್ಣ. ಅರ್ಧ ಗಂಟೆ ಮಾತಾಡಿದೆ. ರೆಪ್ಪೆ ಜಾರಲಿಲ್ಲ, ಸ್ವರ ಬತ್ತಲಿಲ್ಲ. ಅಳು ಬರುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಗೊರಕೆ ಕೇಳಿತು. ಮದ್ದಳೆಯವರು ಅಭ್ಯಾಸಬಲದಿಂದ ನನ್ನನ್ನೇ ನೋಡಿದರು. ನೋಡಿದರೆ ನಮ್ಮವಳು! ನನ್ನ ಸ್ವರ ಕೇಳುತ್ತಿರುವಷ್ಟು ಹೊತ್ತು ಉಸಿರಿಗೆ ತೊಂದರೆಯಿಲ್ಲ ಎಂಬ ಧೈರ್ಯದಲ್ಲಿ ಗಾಢ ನಿದ್ದೆಗೆ ಜಾರಿದ್ದಳು.

ಯುವರಾಜನ ಸರದಿ ಬಂತೆಂದು ನಾನು ಮಾತು ನಿಲ್ಲಿಸಿದೆ. ಮರುಕ್ಷಣವೇ, ನಿದ್ದೆಯಲ್ಲೇ, ಅವಳ ಮೊಣಕೈ ಅಣ್ಣನ ಪಕ್ಕೆಗೆ ನಾಟಿತು.

ಅವರು ಪಕ್ಕೆ ಹಿಡಿದು ಎದ್ದುನಿಂತು ಕೂಗಿದರು: "ನಿಲ್ಲಿಸ್ಬೇಡಿ ಭಾವ, ಮಾತಾಡಿ, ಮಾತಾಡಿ!"