ಬೆಟ್ಟದ ಪಗೋಡಕ್ಕೆ ಬೀಗರ ಜೊತೆ

ನಮ್ಮ ಮನೆಯವರು ರಜೆಗೆಂದು ಅಬುಧಾಬಿ ಬಿಟ್ಟು ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ಹಿಂತಿರುಗಿದ ವಾರದಲ್ಲೇ ನಾನು ಬರೆದಿಡುತ್ತೇನೆ, ಇಲ್ಲವಾದರೆ ಆಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಈ ಸಲ ಡಿಸೆಂಬರಿನ ಎಮಿರೇಟ್ಸ್ ನ್ಯಾಷನಲ್ ಡೇ ರಜೆಗೆ ಥಾಯ್ಲೆಂಡಿನ ಬೆಟ್ಟವೊಂದರ ಹಳೆಯ ಬೌದ್ಧ ಪಗೋಡವನ್ನು ಆರಿಸಿದವಳು ನಾನೇ. ಮನೆಯಲ್ಲಿ ಚರಿತ್ರೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ ತಾನೆ.

ಜೊತೆಗೆ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಮಂಗಳೂರು ಕುಟುಂಬ. ಅವರ ಮಗನಿಗೂ ನಮ್ಮ ಮಗಳಿಗೂ ಮನಸ್ಸು ಕೂಡಿತ್ತು. ಹುಡುಗನ ತಾಯಿ ಮಾತ್ರ, "ನಾಲ್ಕು ದಿನ ಒಟ್ಟಿಗೆ ಇದ್ದು ನೋಡುವ, ಆಮೇಲೆ ಹೇಳ್ತೇನೆ" ಅಂದಿದ್ದರು. ಮಗಳು ವಿಮಾನದಲ್ಲಿ ಊಟವನ್ನೇ ಮುಟ್ಟಲಿಲ್ಲ.

ಏನೋ ನಿಂತುಹೋದ ಕೋಣೆ

ಬೆಟ್ಟದ ಬುಡದ ಹೋಟೆಲಿನಲ್ಲಿ ಕೋಣೆಯ ಬಾಗಿಲು ಹಾಕಿದ್ದೇ ತಡ, ನನ್ನ ಯಜಮಾನರು ನಿಂತಲ್ಲೇ ನಿಂತರು.

"ಇಲ್ಲಿ ಎಂತದೋ ಸರಿ ಇಲ್ಲ ಮಾರಾಯ್ತಿ."

ನನಗೂ ಹಾಗೇ ಅನ್ನಿಸಿತು. ಕಿವಿ ತುಂಬಿಕೊಂಡಂಥ ಮೌನ. ನನ್ನ ಉಸಿರು ನನಗೇ ಕೇಳುತ್ತಿತ್ತು. ಯಜಮಾನರು ಮಂಚದ ಕೆಳಗೆ ಬಗ್ಗಿ ನೋಡಿದರು, ಪರದೆ ಸರಿಸಿದರು. ಮಗಳು ಒಳಗೆ ಬಂದವಳು ಸುತ್ತ ನೋಡಿ, "ಅಮ್ಮಾ, ದೇರ್ ಈಸ್ ನೋ ಏಸಿ" ಅಂದಳು.

ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ವರ್ಷಗಟ್ಟಲೆ ಏಸಿ ಆರಿಸಿದ್ದೇ ಇಲ್ಲ. ಯಜಮಾನರು ಕೆಳಗೆ ಫೋನ್ ಮಾಡಿದರು. ಹೊರಗೆ ಇಷ್ಟು ಚಳಿ ಇರುವಾಗ ಏಸಿ ಯಾಕೆ ಎಂದು ಹೋಟೆಲಿನವರು ಕೇಳಿದರು.

"ತಂಪು ಬೇಡ," ಅಂದರು ಇವರು. "ಸದ್ದು ಇದ್ದರೆ ಸಾಕು."

ಕಣ್ಣು ಮಿಟುಕಿಸದ ಭಿಕ್ಷು

ಮರುದಿನ ಬೆಟ್ಟದ ಮೇಲೆ ದಟ್ಟ ಮಂಜು. ಪಗೋಡದ ಹೊನ್ನಿನ ಶಿಖರ ಅರ್ಧಕ್ಕೆ ಕಡಿದಂತೆ ಕಾಣುತ್ತಿತ್ತು. ಗಾಳಿ ಇರಲಿಲ್ಲ, ಆದರೂ ಪಕ್ಕದ ಮಂಟಪದ ಸೂರಿನಲ್ಲಿ ಗಂಟೆಗಳು ಸಣ್ಣಗೆ ಅಲುಗುತ್ತಿದ್ದವು. ಮಂಟಪದ ಒಳಗೆ ಅರೆಗತ್ತಲಲ್ಲಿ ಇಬ್ಬರು ವೃದ್ಧ ಭಿಕ್ಷುಗಳು. ಹುಡುಗನ ತಂದೆ ಒಬ್ಬರ ಮುಂದೆ ಮಂಡಿಯೂರಿ, ಬೆನ್ನುನೋವಿನಿಂದ ಹಿಡಿದು ಆಫೀಸಿನ ಮ್ಯಾನೇಜರನವರೆಗೆ ಎಲ್ಲ ಕಷ್ಟವನ್ನೂ ಹೇಳಿಕೊಂಡು ಎದ್ದರು.

"ಎಂಥ ಶಾಂತಿ. ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ."

ನಾನು ಅಲ್ಲಿದ್ದ ಫಲಕ ಓದಿದೆ. "ಇವರು ತೀರಿಕೊಂಡು ಬಹಳ ವರ್ಷ ಆಯ್ತಂತೆ. ಇದು ಮೇಣದ ಮೂರ್ತಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಯಜಮಾನರಿಗೆ ಕುತೂಹಲ. "ಅದಕ್ಕಿಂತ ಇದು ಚಂದ ಉಂಟು, ರೆಪ್ಪೆಯ ಕೂದಲು ಸಹ ಅಂಟಿಸಿದ್ದಾರೆ" ಎನ್ನುತ್ತ ಎರಡನೆಯವರ ಮುಖಕ್ಕೆ ಮುಖ ತಂದರು. ಆ ಮುಖ ಮೆಲ್ಲಗೆ ಇವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, "ನಾನಿನ್ನೂ ತೀರಿಕೊಂಡಿಲ್ಲ" ಅಂದಿತು.

ಹುಡುಗನ ತಾಯಿ ನನ್ನ ಮಗಳನ್ನು ಬದಿಗೆ ಕರೆದು, "ನಿನ್ನ ಅಪ್ಪ ಯಾವಾಗಲೂ ಹೀಗೆಯಾ?" ಎಂದು ಕೇಳಿದರು.

"ಇಲ್ಲ ಆಂಟಿ, ಆಫೀಸಿಗೆ ರಜೆ ಇದ್ದ ದಿನ, ಫ್ರೈಡೇ ಮಾತ್ರ."

ಮಂಜಿನೊಳಗಿನ ಕರೆ

ಹುಡುಗನೂ ಅವನ ತಂದೆಯೂ ಚಹಾಕ್ಕೆ ಹೋದರು. ಉಳಿದವರು ಪಗೋಡಕ್ಕೆ ಸುತ್ತು ಬರತೊಡಗಿದೆವು. ಅಷ್ಟರಲ್ಲಿ ಮಂಜು ಇನ್ನಷ್ಟು ದಟ್ಟವಾಗಿ, ಹಿಂದೆ ಬರುತ್ತಿದ್ದ ಹುಡುಗನ ತಾಯಿ ಕಾಣೆಯಾದರು.

"ಅಬುಧಾಬಿಯವರೇ..." ಮಂಜಿನೊಳಗಿಂದ ಒಂದು ದನಿ.

ನಾನು ಯಜಮಾನರ ಬಾಯಿ ಮುಚ್ಚಿದೆ. ನಮ್ಮ ಕರಾವಳಿಯಲ್ಲಿ ಇಂಥ ಜಾಗದಲ್ಲಿ ಕರೆದರೆ ಮೂರನೆಯ ಕರೆಗೆ ಮಾತ್ರ ಓಗೊಡಬೇಕು. ಪ್ರೇತಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲ. ಡಿಗ್ರಿ ಇದ್ದರೂ ಅದು ರಕ್ತದಲ್ಲೇ ಇದೆ.

"ಅಬುಧಾಬಿಯವರೇ..."

ಮೂರನೆಯ ಕರೆ ಬರಲೇ ಇಲ್ಲ. ಗಂಟೆಗಳೂ ನಿಂತವು. ನಾನು ಧೈರ್ಯ ಮಾಡಿ, "ದುಬೈಯವರೇ..." ಅಂದೆ. ಉತ್ತರವಿಲ್ಲ. ಮತ್ತೊಮ್ಮೆ ಅಂದೆ. ಉತ್ತರವಿಲ್ಲ. ಮೂರನೆಯ ಸಲ ಕರೆಯಲು ಧೈರ್ಯ ಸಾಲಲಿಲ್ಲ.

ಅಬುಧಾಬಿಯಲ್ಲೇ ಬೆಳೆದ ಮಗಳು ಸುಮ್ಮನೆ ಆಂಟಿಗೆ ಫೋನ್ ಮಾಡಿದಳು. ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಫೋನ್ ಬಡಿದುಕೊಂಡಿತು. ಒಂದು ರಿಂಗ್. ಎರಡು. ಮೂರನೆಯದು ಮುಗಿದ ಮೇಲೆ, "ಹಲೋ?"

ಮಂಜಿನಿಂದ ಹೊರಬಂದ ಹುಡುಗನ ತಾಯಿ ನನ್ನನ್ನೇ ನೋಡಿದರು.

"ನೀವೂ ಮೂರಕ್ಕೆ ಕಾಯ್ತಾ ಇದ್ದದ್ದಾ?"

"ಮತ್ತೆ ಅಲ್ಲದೆ?"

ಅವರು ನನ್ನ ಕೈ ಹಿಡಿದುಕೊಂಡರು. "ಇಂಥ ಮನೆ ಎಲ್ಲಿ ಸಿಗ್ತದೆ? ನಿಮ್ಮ ಮಗಳನ್ನು ನಮಗೆ ಕೊಡ್ತೀರಾ?"

ನಾನು ಮಾತಾಡಲಿಲ್ಲ. ಮಗಳು ನನ್ನ ಸೆರಗು ಜಗ್ಗಿದಳು.

"ಕೊಡ್ತೀರಾ?"

ನಾನು ಪಗೋಡದ ಕಡೆ ನೋಡುತ್ತ ನಿಂತೆ. ಅವರಿಗೆ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡು ಮೂರನೇ ಸಲ ಕೇಳಿದರು.

"ಆಗಲಿ" ಅಂದೆ.