ಬೀರಲಿಂಗೇಶನ ಜೋಮುರಹಿತ ಬಲಗೈ

ಐದು ತಾಲ್ಲೂಕುಗಳ ಕುರಿ ಆರೋಗ್ಯ ಮಂಡಳಿಯಲ್ಲಿ ಈಗ ಯಾವ ನೌಕರನ ಕೈಗೂ ಜೋಮು ಹಿಡಿಯುವುದಿಲ್ಲ. ಇದು ದಾಖಲೆಯಲ್ಲಿದೆ. ದಾಖಲೆ ಕೊಟ್ಟೂರಿನ ಕಚೇರಿಯ ಬೀರುವಿನಲ್ಲಿದೆ. ಬೀರುವಿನ ಕೀಲಿ ವ್ಯವಸ್ಥಾಪಕ ಪಾಲಾಕ್ಷಪ್ಪನವರ ಜೇಬಿನಲ್ಲಿದೆ. ಅನುಮಾನಕ್ಕೆ ಜಾಗವಿಲ್ಲ.

ಈ ಸಾಧನೆ ಶುರುವಾದದ್ದು ಲಸಿಕೆಗಾರ ಬೀರಲಿಂಗೇಶನ ಬಲಗೈಯಿಂದ. ಅವನು ಗುತ್ತಿಗೆ ನೌಕರ. ಬೆಳಿಗ್ಗೆ ಮಂಡಳಿಯ ಬೈಕ್ ಹತ್ತಿದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿಕೊಂಡು ಸಂಜೆ ಕೊಟ್ಟೂರಿಗೆ ಮರಳುತ್ತಿದ್ದ. ನೂರೈವತ್ತು ಕಿಲೋಮೀಟರ್. ರಸ್ತೆ ಅಲ್ಲಲ್ಲಿ ಇತ್ತು. ಹ್ಯಾಂಡಲ್ಲಿನ ರಬ್ಬರ್ ಸವೆದು ಕಬ್ಬಿಣ ಇಣುಕುತ್ತಿತ್ತು.

ಮೂರು ತಿಂಗಳಿಂದ ಮಧ್ಯಾಹ್ನದ ಹೊತ್ತಿಗೆ ಅವನ ಹೆಬ್ಬೆರಳು ತೋರುಬೆರಳು ಬೇರೆ ಯಾರವೋ ಆಗಿಬಿಡುತ್ತಿದ್ದವು. ಮಣಿಕಟ್ಟು ಮಾತ್ರ ಅವನದೇ, ಅದು ನೋಯುತ್ತಿತ್ತು. ಸಿರಿಂಜ್ ಹಿಡಿಯಲಾರದ ಲಸಿಕೆಗಾರನ ಗುತ್ತಿಗೆ ನವೀಕರಣವಾಗುವುದಿಲ್ಲ. ನವೀಕರಣ ತಿಂಗಳ ಕೊನೆಗಿತ್ತು.

ತಂಬ್ರಹಳ್ಳಿಯ ಕುರಿಗಾರ ಓಬಳೇಶಪ್ಪನ ಹಟ್ಟಿಯಲ್ಲಿ ಸಿರಿಂಜ್ ಮೂರು ಸಲ ಕೈಜಾರಿ ಬಿತ್ತು.

"ಏನ್ರಿ ಡಾಕ್ಟ್ರ, ನೆಲಕ್ಕ ಯಾವ ಬ್ಯಾನಿ ಬಂದೈತಿ?" ಎಂದು ಓಬಳೇಶಪ್ಪ ಕೇಳಿದ. ಸೂಜಿ ಹಿಡಿದವರೆಲ್ಲ ಅವನಿಗೆ ಡಾಕ್ಟರೇ.

"ಕೈ ಜೋಮು ಹಿಡದೈತಿ ಯಜಮಾನ್ರ. ಗಾಡಿ ಹೊಡದು ಹೊಡದು."

"ಹೆಂಗ ಹಿಡಿತೀರಿ, ತೋರಸ್ರಿ."

ಬೀರಲಿಂಗೇಶ ಬೈಕ್ ಹತ್ತಿ ಹಿಡಿದು ತೋರಿಸಿದ.

"ಅದೇನು ಕುರಿ ಕಳ್ಳನ ಕುತಿಗಿ ಏನ್ರಿ, ಹಂಗ ಹಿಚುಕಾಕ? ನಾ ಐವತ್ತು ವರ್ಷ ಕೋಲು ಹಿಡದೀನಿ. ಬಿಗಿ ಹಿಡದಾವನ ಕೈ ಸೋಲ್ತೈತಿ, ಸಡ್ಲ ಹಿಡದಾವ ಊರು ಮುಟ್ತಾನ. ಮೊಣಕೈ ಸ್ವಲ್ಪ ಮಡಚ್ರಿ. ಮಣಿಕಟ್ಟು ನೆಟ್ಟಗಿರ್ಲಿ. ತಾಸಿಗೊಮ್ಮಿ ಇಳದು ಕೈ ಝಾಡಸ್ರಿ."

ಹಾಗೆಂದು ಹಳೆಯ ಕಂಬಳಿಯಿಂದ ಎರಡು ಪಟ್ಟಿ ಹರಿದು, ಎರಡೂ ಹಿಡಿಗೆ ಸುತ್ತಿ, ಕುರಿಯ ಕಾಲಿಗೆ ಹಾಕುವ ಗಂಟನ್ನೇ ಹಾಕಿ ಬಿಗಿದ. ಅಂದು ಹಿರೇಹಡಗಲಿ ತಲುಪಿದಾಗ ಬೀರಲಿಂಗೇಶನ ಬೆರಳುಗಳು ಅವನ ಜೊತೆಗೇ ಬಂದಿದ್ದವು. ನಾಲ್ಕು ದಿನ ಸಿರಿಂಜ್ ಬೀಳಲಿಲ್ಲ.

ಐದನೆಯ ದಿನ ಪಾಲಾಕ್ಷಪ್ಪನವರು ಬೈಕ್ ನೋಡಿದರು.

"ಏನಪಾ ಇದು?"

"ಕಂಬಳಿ ಸರ್. ತಂಬ್ರಹಳ್ಳಿ ಯಜಮಾನ್ರು ಕಟ್ಟಿಕೊಟ್ರು."

"ಕಂಬಳಿ ಎದರಿಂದ ಮಾಡ್ತಾರ?"

"ಕುರಿ ಉಣ್ಣೆಯಿಂದ ಸರ್."

"ನಮ್ಮದು ಯಾವ ಮಂಡಳಿ?"

"ಕುರಿ ಮಂಡಳಿ ಸರ್."

"ಹಂಗಾದ್ರ ತಿಳೀತಲ್ಲ, ಬಿಡು."

ಮರುದಿನ ನೋಟಿಸ್ ಬಂತು. ಫಲಾನುಭವಿಯಿಂದ ಕುರಿಜನ್ಯ ವಸ್ತುವನ್ನು ಪೂರ್ವಾನುಮತಿಯಿಲ್ಲದೆ ಸ್ವೀಕರಿಸಿ, ಮಂಡಳಿಯ ವಾಹನಕ್ಕೆ ಸುತ್ತಿ, ಕರ್ತವ್ಯದ ಅವಧಿಯಲ್ಲಿ ವೈಯಕ್ತಿಕ ಸುಖ ಅನುಭವಿಸಿದ್ದು ಏಕೆ ಎಂದು ಅದರಲ್ಲಿ ಕೇಳಲಾಗಿತ್ತು. ಕಂಬಳಿ ಪಟ್ಟಿಗಳನ್ನು ತನಿಖೆಗಾಗಿ ವಶಪಡಿಸಿಕೊಳ್ಳಲಾಯಿತು. ಹಿಡಿಕೆಯ ತೊಂದರೆಯಿದ್ದವರು ಕ್ರಮಬದ್ಧವಾಗಿ ಅರ್ಜಿ ಸಲ್ಲಿಸತಕ್ಕದ್ದು ಎಂಬ ಸಾಲೂ ಇತ್ತು. ಎರಡು ದಿನದಲ್ಲಿ ಜೋಮು ಮರಳಿತು. ಅದೇ ಕೈಯಲ್ಲಿ ಬೀರಲಿಂಗೇಶ ಅರ್ಜಿ ಬರೆದ.

ಗುಮಾಸ್ತೆ ಪುಷ್ಪಲತಾ ಅರ್ಜಿಯನ್ನೂ ಸೇವಾ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಬೀರಲಿಂಗೇಶಣ್ಣ, ಸಹಿ ತಾಳೆ ಆಗವಲ್ದು."

"ಕೈ ಜೋಮು ಹಿಡದೈತಲ್ಲಮ್ಮಾ, ಅದಕ್ಕ ಅರ್ಜಿ ಕೊಟ್ಟಿದ್ದು."

"ನನಗೂ ತಿಳಿತೈತಿ. ಆದ್ರ ತಾಳೆ ಆಗ್ಲಿಲ್ಲಂದ್ರ ಇದು ನಿನ್ನ ಅರ್ಜಿ ಅಲ್ಲ."

"ತಾಳೆ ಆದ್ರ?"

"ಕೈ ಚೊಲೋ ಐತಿ ಅಂತಾತು. ಚೊಲೋ ಇದ್ದಾವನಿಗೆ ಯಾಕ ಬೇಕು ಹಿಡಿಕಿ?" ಎಂದು ಅವಳು ಅರ್ಜಿಗೆ ಟ್ಯಾಗ್ ಹಾಕಿ ಕಡತಕ್ಕೆ ಸೇರಿಸಿದಳು. ಅವಳಿಗೆ ಬೇಸರವಿತ್ತು; ಬೇಸರ ನಮೂದಿಸಲು ಕಡತದಲ್ಲಿ ಕಾಲಂ ಇರಲಿಲ್ಲ.

ಆದರೆ ಅರ್ಜಿ ವ್ಯರ್ಥವಾಗಲಿಲ್ಲ. ಅದನ್ನು ಓದಿದ ಪಾಲಾಕ್ಷಪ್ಪನವರು "ಜೋಮುರಹಿತ ಹಸ್ತ ಅಭಿಯಾನ"ವನ್ನು ಘೋಷಿಸಿದರು. ವೇದಿಕೆಯ ಮೇಲೆ ಐವರು ಗಣ್ಯರು ನಿಂತು ಐದು ನಿಮಿಷ ಕೈ ಝಾಡಿಸಿ ಉದ್ಘಾಟಿಸಿದರು. ಐವರೂ ಕಾರಿನಲ್ಲಿ ಬಂದಿದ್ದರು. ಪಾಲಾಕ್ಷಪ್ಪನವರ ಭಾವಮೈದುನ ಅರುಣಕುಮಾರ್ ಸರಬರಾಜು ಮಾಡಿದ ಕೈಗವಸುಗಳನ್ನು ಹಂಚಲಾಯಿತು. ಎಲ್ಲವೂ ಎಡಗೈಯವು.

"ಸರ್, ಆಕ್ಸಿಲರೇಟರು ಬಲಗೈಯಾಗ ಇರತೈತಿ," ಎಂದ ಬೀರಲಿಂಗೇಶ.

"ಬಲಗೈ ಎರಡನೇ ಹಂತದಾಗ ಐತಿ. ಅಲ್ಲೀತನ ಎಡಗೈ ಉಳಿಸ್ಕೋ."

ಅಭಿಯಾನದ ನಿಯಮವೂ ಬಂತು: ಸವಾರನು ಅರ್ಧ ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಕೈ ಝಾಡಿಸತಕ್ಕದ್ದು, ಝಾಡಿಸಿದ್ದಕ್ಕೆ ಇಬ್ಬರು ಜವಾಬ್ದಾರಿಯುತ ನಾಗರಿಕರ ಸಹಿ ಪಡೆಯತಕ್ಕದ್ದು. ಕೂಡ್ಲಿಗಿ ದಾಟಿ ಸರಿಯಾಗಿ ಅರ್ಧ ತಾಸಿಗೆ ಬರುವ ಜಾಗದಲ್ಲಿ ಒಂದು ಜಾಲಿ ಗಿಡ ಇತ್ತು, ನಾಗರಿಕರು ಇರಲಿಲ್ಲ. ಬೀರಲಿಂಗೇಶ ಅವರಿಗಾಗಿ ಕಾದ. ಬಂದವರು ಮೊದಲು ಕೈ ಝಾಡಿಸಿ ತೋರಿಸು ಎಂದರು. ಸಹಿ ಹಾಕುವಾಗ, ತಲಿ ನೆಟ್ಟಗೈತೇನಪಾ ಎಂದು ವಿಚಾರಿಸಿದರು. ಕಾದು ಕಳೆದ ಹೊತ್ತನ್ನು ಮುಂದಿನ ಹಾದಿಯಲ್ಲಿ ತುಂಬಿಕೊಳ್ಳಲು ಅವನು ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದ, ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ತಿಂಗಳ ಕೊನೆಗೆ ಬೆಳಗಿನ ಹೊತ್ತೂ ಬೆರಳುಗಳು ಮರಳದಾದವು.

ನವೀಕರಣದ ದಿನ ಪುಷ್ಪಲತಾ ಅವನ ಮುಂದೆ ಒಂದು ಹಾಳೆ ಇಟ್ಟಳು. "ಅಭಿಯಾನದ ಫಲವಾಗಿ ನನ್ನ ಕೈಗೆ ಯಾವುದೇ ಜೋಮು ಇರುವುದಿಲ್ಲ" ಎಂದು ಅದರಲ್ಲಿತ್ತು. ಇದಕ್ಕೆ ಒಪ್ಪದವರ ಗುತ್ತಿಗೆ ಅಂದೇ ಮುಗಿಯುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

"ಸಹಿ ಮತ್ತ ತಾಳೆ ಆಗಂಗಿಲ್ಲಮ್ಮಾ."

"ಹೆಬ್ಬೆಟ್ಟು ಒತ್ತಣ್ಣ. ಅದಕ್ಕ ಜೋಮು ಹಿಡದ್ರೂ ಗುರುತು ಬದಲಾಗಂಗಿಲ್ಲ."

ಬೀರಲಿಂಗೇಶ ಕೈ ಚಾಚಿದ. ಹೆಬ್ಬೆರಳು ಶಾಯಿಯ ಮೇಲಿದೆಯೋ ಮೇಜಿನ ಮೇಲಿದೆಯೋ ಅವನಿಗೆ ಗೊತ್ತಾಗಲಿಲ್ಲ. ಅವಳೇ ಬಗ್ಗಿ ನೋಡಿ, "ಶಾಯಿ ಮ್ಯಾಲೇ ಐತಿ, ಒತ್ತು," ಎಂದಳು. ಹಾಳೆಯ ಮೇಲೆ ಗುರುತು ಸ್ಪಷ್ಟವಾಗಿ ಮೂಡಿತು. ಗುತ್ತಿಗೆ ಒಂದು ವರ್ಷ ನವೀಕರಣವಾಯಿತು.

ಹೊರಗೆ ಪಾಲಾಕ್ಷಪ್ಪನವರ ಜೀಪು ನಿಂತಿತ್ತು. ಅದರ ಸ್ಟೀರಿಂಗಿಗೆ ತಂಬ್ರಹಳ್ಳಿಯ ಕಂಬಳಿ ಪಟ್ಟಿಗಳನ್ನು ಸುತ್ತಲಾಗಿತ್ತು, ಅದೇ ಗಂಟಿನೊಂದಿಗೆ. ತನಿಖೆ ಮುಂದುವರಿದಿತ್ತು.

ಈಗ ಬೀರಲಿಂಗೇಶ ಹಟ್ಟಿಗೆ ಬಂದೊಡನೆ ಓಬಳೇಶಪ್ಪ ಕೈ ಚಾಚುತ್ತಾನೆ, ಸಿರಿಂಜ್ ತೆಗೆದುಕೊಳ್ಳುತ್ತಾನೆ. "ನೀವು ಕುರಿ ಹಿಡೀರಿ ಡಾಕ್ಟ್ರ" ಎನ್ನುತ್ತಾನೆ. ಕೈಯಲ್ಲಿ ಹಿಡಿಯಲಾಗದ್ದರಿಂದ ಬೀರಲಿಂಗೇಶ ಒಂದೊಂದೇ ಕುರಿಯನ್ನು ಎರಡು ಮೊಣಕಾಲುಗಳ ನಡುವೆ ಬಿಗಿಯಾಗಿ ಒತ್ತಿ ಹಿಡಿಯುತ್ತಾನೆ. ಓಬಳೇಶಪ್ಪ ಚುಚ್ಚುತ್ತಾನೆ, ಮಂಡಳಿ ಬರೆದುಕೊಳ್ಳುತ್ತದೆ. ಕುರಿಗಳ ತಕರಾರಿಲ್ಲ.

ಮೊನ್ನೆಯಿಂದ ಬೀರಲಿಂಗೇಶನ ಮೊಣಕಾಲು ನೋಯುತ್ತಿದೆ. ಅವನು ಯಾರಿಗೂ ಹೇಳಿಲ್ಲ. ಹೇಳಿದರೆ ಅಭಿಯಾನವಾಗುತ್ತದೆ.