ನಿಂತ ಹಡಗಿನಲ್ಲಿ ಸಮಾಧಾನಮ್ಮ

ಹಡಗು ಕೆಟ್ಟು ನಿಂತಿತೆಂದು ಸಮಾಧಾನಮ್ಮನಿಗೆ ಬೇಸರವಿರಲಿಲ್ಲ. ಯಂತ್ರವೆಂದ ಮೇಲೆ ಕೆಡುತ್ತದೆ. ಯಂತ್ರಗಳು ಕೆಡದೇ ಹೋದರೆ ಆಕೆಗೆ ಸಂಬಳ ಕೊಡುವವರಾದರೂ ಯಾರು? ಆಕೆಯ ಬೇಸರವೆಲ್ಲ ಗಂಡನ ಮೇಲೆ. ಮದುವೆಯಾದಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ, ನೆಲದ ಮೇಲೆ ಎಲ್ಲೂ ತೆರೆಯದ ಬಾಯಿಯನ್ನು ನಟ್ಟನಡು ಸಮುದ್ರದಲ್ಲಿ, ನೂರಾರು ಜನರ ಎದುರು, ಅದೂ ಕುರ್ಚಿ ಹತ್ತಿ ನಿಂತು ತೆರೆದಿದ್ದರು.

ಸಮಾಧಾನಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯ ದೂರು ವಿಭಾಗದಲ್ಲಿ ಆಕೆಯೇ ಹಿರಿಯಳು. ಈ ಹೆಸರು ಸಹೋದ್ಯೋಗಿಗಳು ಕೊಟ್ಟ ಬಿರುದು. ಯಂತ್ರ ನುಂಗಿ ಉಗುಳಿದ ಅಂಗಿಯನ್ನು ಬಾವುಟದ ಹಾಗೆ ಬೀಸುತ್ತಾ, ಕಂಪನಿಯ ಏಳು ತಲೆಮಾರನ್ನು ಜಾಲಾಡುತ್ತಾ ಒಳಗೆ ಬಂದವರು, ಅರ್ಧ ಗಂಟೆ ಆಕೆಯ ಎದುರು ಕೂತರೆ ಸಾಕು, ನೀರು ಕುಡಿದು, ಹರಿದ ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ತುಂಬಾ ಉಪಕಾರ ಆಯ್ತಮ್ಮಾ" ಎಂದು ಕೈ ಮುಗಿದು ಹೋಗುತ್ತಿದ್ದರು. (ಯಂತ್ರ ಮಾತ್ರ ಹೇಗಿತ್ತೋ ಹಾಗೇ ಇರುತ್ತಿತ್ತು.) "ಯಂತ್ರ ರಿಪೇರಿ ಮಾಡೋಕೆ ಮೆಕ್ಯಾನಿಕ್ ಇದಾನೆ. ಮನುಷ್ಯರನ್ನ ರಿಪೇರಿ ಮಾಡೋದು ನಮ್ಮ ಕೆಲಸ" ಎಂದು ಹೊಸದಾಗಿ ಸೇರಿದ ಹುಡುಗಿಯರಿಗೆ ಉಪದೇಶಿಸುತ್ತಿದ್ದಳು.

ಗಂಡನಿಗೆ ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಈಗ ಹೇಗೆ ಕಾಣುತ್ತೆ? ಈಗ?" ಎಂದು ಕೇಳುವುದರಲ್ಲಿ ಅವರ ಪಾಲಿನ ಮಾತೆಲ್ಲ ಖರ್ಚಾಗಿ ಹೋಗುತ್ತಿತ್ತು. ಮನೆಯಲ್ಲಿ ತಟ್ಟೆಗೆ ಬಿದ್ದದ್ದು ಉಣ್ಣುತ್ತಿದ್ದರು, ಕೈಗೆ ಕೊಟ್ಟ ಅಂಗಿ ತೊಡುತ್ತಿದ್ದರು. ಅಕ್ಕಪಕ್ಕದ ಹೆಂಗಸರು ತಮ್ಮ ಗಂಡಂದಿರ ಪ್ರತಾಪ ಹೇಳಿಕೊಂಡು ಕಣ್ಣೊರೆಸಿಕೊಳ್ಳುವಾಗ ಸಮಾಧಾನಮ್ಮ, "ನಮ್ಮವರದ್ದು ಏನೂ ದೂರಿಲ್ಲಪ್ಪ" ಎನ್ನುತ್ತಿದ್ದಳು, ಚಿನ್ನದ ಪದಕ ತೋರಿಸುವವರ ಗತ್ತಿನಲ್ಲಿ.

ವಿಹಾರಕ್ಕೆ ಹೊರಟದ್ದು ಅತ್ತೆಯ ದೆಸೆಯಿಂದ. "ಕಣ್ಣು ಮುಚ್ಚೋದರೊಳಗೆ ಒಂದ್ಸಲ ದೊಡ್ಡ ಹಡಗು ಹತ್ತಬೇಕು" ಎಂದು ಆ ಮುದುಕಿ ವರ್ಷಗಳಿಂದ ಹೇಳುತ್ತಿದ್ದರು, ಹೇಳುತ್ತಾ ಹೇಳುತ್ತಾ ಇನ್ನಷ್ಟು ಗಟ್ಟಿಯಾಗುತ್ತಿದ್ದರು. ಕೊನೆಗೆ ಮಗ ಸದ್ದಿಲ್ಲದೆ ಮೂರು ಟಿಕೆಟ್ ತಂದು ಮೇಜಿನ ಮೇಲಿಟ್ಟರು. ಹತ್ತಿದ ಗಳಿಗೆಯಿಂದ ಅತ್ತೆ ಬಕೆಟ್ ಬಿಟ್ಟು ತಲೆಯೆತ್ತಲಿಲ್ಲ.

ಹಡಗು ನಿಂತದ್ದನ್ನು ಮೊದಲು ಕಂಡುಹಿಡಿದವರೂ ಅವರೇ. ಎರಡನೆಯ ದಿನ ಬೆಳಿಗ್ಗೆ ಬಕೆಟ್ಟಿನಿಂದ ಮುಖ ಮೇಲೆತ್ತಿ, "ಲೇ, ಅಲುಗಾಟ ನಿಂತಿತು ನೋಡೇ. ದೇವರು ಕಣ್ಣು ಬಿಟ್ಟ" ಎಂದರು. ದೇವರು ಕಣ್ಣು ಬಿಟ್ಟ ಬೆನ್ನಲ್ಲೇ ದೀಪಗಳು ಕಣ್ಣು ಮುಚ್ಚಿದವು. ತಣ್ಣನೆಯ ಗಾಳಿ ನಿಂತಿತು, ಲಿಫ್ಟ್ ನಿಂತಿತು, ಕಡೆಗೆ ಶೌಚಾಲಯದಲ್ಲಿ ಯಾವುದು ನಿಲ್ಲಬಾರದೋ ಅದೂ ನಿಂತಿತು. ಕೋಣೆಗಳು ಕಾದ ಕಾವಲಿಯಾದವು. ಜನ ಹಾಸಿಗೆ ಹೊತ್ತು ಹಡಗಿನ ಮೇಲಿನ ಬಯಲು ಅಟ್ಟಕ್ಕೆ, ಡೆಕ್ಕಿಗೆ, ಬಂದರು. ಕೆಡುವುದರೊಳಗೆ ಖಾಲಿಯಾಗಲೆಂದು ಅಡುಗೆಯವರು ಇದ್ದಬದ್ದ ಐಸ್‌ಕ್ರೀಮನ್ನೆಲ್ಲ ಹಂಚಿದರು. ಅತ್ತೆ ಮೂರು ಬಟ್ಟಲು ಮುಗಿಸಿ, "ವ್ಯವಸ್ಥೆ ಬಹಳ ಚೆನ್ನಾಗಿದೆ" ಎಂದು ಪ್ರಮಾಣಪತ್ರ ಕೊಟ್ಟರು.

ಮಧ್ಯಾಹ್ನ ಅದೇ ಅಟ್ಟದ ಊಟದ ಸಭಾಂಗಣದಲ್ಲಿ ಪ್ರಯಾಣಿಕರೆಲ್ಲ ಸೇರಿದರು. ಕೂಗಾಟವೋ ಕೂಗಾಟ. ಹಡಗಿನ ಪರವಾಗಿ ಬಿಳಿ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ನಿಂತಳು.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ" ಎಂದು ಶುರು ಮಾಡಿದಳು.

ಸಮಾಧಾನಮ್ಮ ಮನಸ್ಸಿನಲ್ಲೇ ಶಹಬ್ಬಾಸ್ ಎಂದಳು. ಕಸುಬಿನ ಮೊದಲ ಪಾಠ ಅದು.

"ಸಣ್ಣದೊಂದು ತಾಂತ್ರಿಕ ತೊಂದರೆ" ಎಂದಳು ಹುಡುಗಿ. ಅದೂ ಸರಿಯೇ, ತೊಂದರೆ ದೊಡ್ಡದಾದಷ್ಟೂ 'ಸಣ್ಣದು' ಎನ್ನಬೇಕು. "ಆದಷ್ಟು ಬೇಗ ಸರಿ ಹೋಗುತ್ತೆ." ಭೇಷ್! ಗಡಿಯಾರಕ್ಕೆ ಸಿಕ್ಕದ ಮಾತು. ಹುಡುಗಿಗೆ ಭವಿಷ್ಯವಿದೆ ಎಂದು ಸಮಾಧಾನಮ್ಮ ಪಕ್ಕಕ್ಕೆ ತಿರುಗಿದರೆ ಪಕ್ಕದ ಕುರ್ಚಿ ಖಾಲಿ. ಸರಿಯಾಗಿ ನೋಡಿದರೆ ಖಾಲಿಯಲ್ಲ, ಕುರ್ಚಿಯ ಮೇಲೆ ಗಂಡನ ಚಪ್ಪಲಿಗಳಿದ್ದವು, ಚಪ್ಪಲಿಗಳಲ್ಲಿ ಗಂಡ ನಿಂತಿದ್ದರು.

"ಒಂದ್ನಿಮಿಷ ತಂಗೀ" ಎಂದರು ಕನ್ನಡಕದವರು. "ನಮ್ಮ ಬೇಸರ ಅರ್ಥ ಆಗುತ್ತೆ ಅಂದ್ರಲ್ಲ, ಏನರ್ಥ ಆಯ್ತು? ಸ್ವಲ್ಪ ಹೇಳಿ ನೋಡೋಣ."

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಇಷ್ಟು ವರ್ಷದ ಸರ್ವಿಸಿನಲ್ಲಿ ಸಮಾಧಾನಮ್ಮನನ್ನೂ ಯಾರೂ ಹೀಗೆ ಕೇಳಿರಲಿಲ್ಲ.

"ಅಂದ್ರೆ ಸಾರ್... ನಿಮಗೆಲ್ಲ ಬೇಸರ ಆಗಿದೆ ಅಂತ..."

"ಅದನ್ನ ನಾವೇ ಹೇಳಿದ್ದು. ನಮ್ಮ ಮಾತನ್ನೇ ಒಗೆದು ಇಸ್ತ್ರಿ ಮಾಡಿ ನಮಗೇ ವಾಪಸ್ ಕೊಟ್ರೆ ಅದು ಉತ್ತರ ಆಗುತ್ತಾ?"

ಸಭೆ ಗೊಳ್ಳೆಂದಿತು. ಹುಡುಗಿ ಮುಂದಿನ ಅಸ್ತ್ರ ತೆಗೆದಳು. "ಮೇಲಿನವರ ಗಮನಕ್ಕೆ ತರ್ತೀನಿ ಸಾರ್."

"ಮೇಲಿನವರು ಅಂದ್ರೆ ಯಾರಮ್ಮ? ಇದೇ ಕೊನೇ ಮಹಡಿ. ಇದರ ಮೇಲೆ ಬರೀ ಆಕಾಶ."

ಚಪ್ಪಾಳೆಗೆ ತಟ್ಟೆಗಳು ಅಲುಗಿದವು. ದೊಡ್ಡ ಮೀಸೆಯ ಗುತ್ತಿಗೆದಾರರೊಬ್ಬರು ಮುಂದೆ ನುಗ್ಗಿ, "ಇವರೇ ನಮ್ಮ ಅಧ್ಯಕ್ಷರು!" ಎಂದು ಘೋಷಿಸಿದರು. ಆಮೇಲೆ ದನಿ ತಗ್ಗಿಸಿ, "ವಕೀಲರಾ ಸ್ವಾಮಿ? ಮಾತನ್ನ ಹೀಗೆ ಕೊರಳಲ್ಲೇ ಹಿಡಿಯೋದು ಎಲ್ಲಿ ಕಲಿತ್ರಿ?" ಎಂದು ಕೇಳಿದರು.

"ಕನ್ನಡಕದ ಅಂಗಡಿ ಇಟ್ಟಿದೀನಿ. ಇದೆಲ್ಲ ಮನೇಲಿ ಕಲಿತದ್ದು."

ಅದರಲ್ಲಿ ಕೊಂಕಿರಲಿಲ್ಲ, ಕುಹಕವಿರಲಿಲ್ಲ. ತರಕಾರಿ ಎಲ್ಲಿ ತಂದಿರಿ ಎಂದರೆ ಮಾರ್ಕೆಟ್ಟಿನಲ್ಲಿ ಎನ್ನುವ ಹಾಗೆ ಹೇಳಿದರು. ಸಮಾಧಾನಮ್ಮನಿಗೆ ಕೂತಲ್ಲೇ ಅಲುಗಾಟ ಶುರುವಾಯಿತು. ನಿಂತ ಹಡಗಿನಲ್ಲಿ!

ಆಕೆ ಯೋಚಿಸಿದಳು. ಹುಡುಗಿ ಆಡಿದ ಒಂದೊಂದು ಮಾತನ್ನೂ ತಾನು ಮನೆಯಲ್ಲಿ ಆಡಿದ್ದುಂಟು. 'ನೀವು ಹೇಳೋದು ಅರ್ಥ ಆಗುತ್ತೆ ರೀ.' 'ನೋಡೋಣ.' 'ಮುಂದೆ ಹೀಗಾಗದ ಹಾಗೆ ನೋಡ್ಕೊಳ್ತೀನಿ.' ಹಾಗಾದರೆ ಈ ಮನುಷ್ಯ ದೂರು ಹೇಳುತ್ತಲೇ ಇದ್ದರೇ? ತಾನು ಅವರನ್ನೂ ನೀರು ಕುಡಿಸಿ, ಹರಿದ ಅಂಗಿ ಕಂಕುಳಿಗೆ ಕೊಟ್ಟು ಕಳಿಸುತ್ತಲೇ ಇದ್ದೆನೇ?

ಮರುದಿನ ಬೆಳಿಗ್ಗೆ ಸಮುದ್ರ ನೋಡಲೆಂದು ಹೋದವಳಿಗೆ ರಕ್ಷಣಾ ದೋಣಿಯ ಮರೆಯಲ್ಲಿ ಬಿಳಿ ಸಮವಸ್ತ್ರ ಕಂಡಿತು. ಮೆಟ್ಟಿಲು ಹತ್ತಿ ಇಳಿದು ಹುಡುಗಿಯ ಕಾಲುಗಳು ಊದಿದ್ದವು. ಬೂಟು ಕಳಚಿ ಪಕ್ಕಕ್ಕಿಟ್ಟು ಅಳುತ್ತಿದ್ದಳು. ಸಮಾಧಾನಮ್ಮನ ವೃತ್ತಿರಕ್ತ ಕುದಿಯಿತು.

"ನಿಮ್ಮನೆಯವರು ಒಂದು ಮಾತೂ ಪೂರ್ತಿ ಆಡೋಕೆ ಬಿಡಲ್ಲಮ್ಮ. ನನಗೆ ಹೇಳಿಕೊಟ್ಟದ್ದೆಲ್ಲ ಮುಗಿದುಹೋಯ್ತು" ಎಂದು ಹುಡುಗಿ ಬಿಕ್ಕಿದಳು.

"ಅಳಬೇಡ ಮಗಳೇ. ಅವರು ದುಡ್ಡಿಗೆ ಕೂಗ್ತಾ ಇಲ್ಲ. ನಿನ್ನ ಕೈಲಿ ಏನೂ ಇಲ್ಲ ಅಂತ ಅವರಿಗೂ ಗೊತ್ತು. ಯಾರ ಕೈಲಿ ಇದೆಯೋ ಅವರು ಬಂದು ಎದುರಿಗೆ ನಿಂತು ತಪ್ಪಾಯ್ತು ಅಂದುಬಿಡ್ಲಿ. ಸಣ್ಣದು, ತಾಂತ್ರಿಕ, ಆದಷ್ಟು ಬೇಗ, ಇದ್ಯಾವುದೂ ಸೇರಿಸೋದು ಬೇಡ. ನಮ್ಮವರು ಬೆಣ್ಣೆ ಹಾಗೆ ಕರಗಿಹೋಗ್ತಾರೆ."

ಹೇಳಿ ಮುಗಿಸಿದ ಮೇಲೆ ಸಮಾಧಾನಮ್ಮನಿಗೆ ತನ್ನ ಬಾಯಿಂದ ಬಂದ ಮಾತು ಆಗಷ್ಟೇ ಕಿವಿಗೆ ಬಿತ್ತು. ಇದು ತನಗೆ ಎಂದಿನಿಂದ ಗೊತ್ತಿತ್ತು?

ಅಂದಿನ ಸಭೆಗೆ ಕ್ಯಾಪ್ಟನ್ನೇ ಬಂದರು. ಮೊಣಕೈವರೆಗೆ ಎಣ್ಣೆಮಸಿ, ಕಣ್ಣಲ್ಲಿ ನಿದ್ದೆಯಿಲ್ಲ. "ತಪ್ಪು ನನ್ನದು" ಎಂದರು. "ಹೊರಡೋ ಮುಂಚೇನೇ ಎಂಜಿನ್ನಿನ ಸದ್ದು ಸರಿ ಇರಲಿಲ್ಲ. ಹೊರಡಬಾರದಿತ್ತು, ಹೊರಟೆ. ಎಳೆದೊಯ್ಯೋ ಹಡಗು ಸಂಜೆಗೆ ಬರುತ್ತೆ. ಅದಕ್ಕೆ ಮುಂಚೆ ಬರಲ್ಲ. ಕ್ಷಮಿಸಿ."

ಅಂದೂ ಕುರ್ಚಿ ಹತ್ತಿ ನಿಂತಿದ್ದ ಕನ್ನಡಕದವರು ಕೆಳಗಿಳಿದರು. "ಇಷ್ಟೇ ಸ್ವಾಮಿ ನಾವು ಕೇಳಿದ್ದು. ಹೋಗಿ ಸ್ವಲ್ಪ ಮಲಗಿ" ಎಂದರು.

"ಇಷ್ಟೇ ಅಲ್ಲ, ಇಷ್ಟೇ ಅಲ್ಲ! ಪೂರ್ತಿ ದುಡ್ಡು, ಮೇಲೆ ಪರಿಹಾರ!" ಎಂದು ಗುತ್ತಿಗೆದಾರರು ಕುಣಿದಾಡಿದರು. ಆದರೆ ಅಧ್ಯಕ್ಷರೇ ಇಳಿದ ಮೇಲೆ ಚಳವಳಿಗೆ ಕಾಲೆಲ್ಲಿ? ಹಡಗಿನ ಕಂಪನಿಯಿಂದ ಬಂದ ಮಾತನ್ನು ಹುಡುಗಿ ಓದಿದಳು. ಅರ್ಧ ದುಡ್ಡು ವಾಪಸ್, ಇಲ್ಲವೇ ರಿಪೇರಿಯಾದ ಮೇಲೆ ಇದೇ ಹಡಗಿನಲ್ಲಿ ಇನ್ನೊಂದು ವಿಹಾರ ಪುಕ್ಕಟೆ. ಯಾವುದು ಬೇಕೋ ಬರೆಸಬಹುದು. ಜನ ಗೊಣಗುತ್ತಾ ಸಾಲು ನಿಂತರು. ಅಷ್ಟರಲ್ಲಿ ಆ ಹುಡುಗಿ, ಕೃತಜ್ಞತೆ ತಡೆಯಲಾರದೆ, ಎಲ್ಲರ ಎದುರು ಕನ್ನಡಕದವರ ಕೈ ಹಿಡಿದುಕೊಂಡುಬಿಟ್ಟಳು.

"ನಿಮ್ಮ ಮನೆಯವರ ಉಪಕಾರ ಮರೆಯಲ್ಲ ಸಾರ್. ಏನು ಹೇಳಿದ್ರೆ ನೀವು ಕರಗ್ತೀರಿ ಅಂತ ಅವರೇ ಹೇಳಿಕೊಟ್ಟದ್ದು!"

"ಹಿತಶತ್ರು!" ಎಂದು ಗುತ್ತಿಗೆದಾರರು ಮೀಸೆ ನಡುಗಿಸಿದರು. "ನಮ್ಮ ಅರ್ಧ ದುಡ್ಡು ಸಮುದ್ರಪಾಲು ಮಾಡಿದ ತಾಯಿ ಇವರೇ ನೋಡಿ!"

ಸಾಲಿನಲ್ಲಿದ್ದವರ ಕಣ್ಣೆಲ್ಲ ಸಮಾಧಾನಮ್ಮನನ್ನು ಸುಟ್ಟವು. ಗಂಡ ಮಾತ್ರ, ಗಾಜು ಬದಲಿಸಿದ ಮೇಲೆ ಗಿರಾಕಿಯ ಮುಖ ನೋಡುವ ಹಾಗೆ, ತಲೆ ಕೊಂಚ ಓರೆ ಮಾಡಿ ನೋಡಿದರು. ಆಮೇಲೆ ಸಾಲಿಗೆ ಹೋಗಿ ಸೇರಿಕೊಂಡರು.

ಮೇಲಿನ ಅಟ್ಟದಲ್ಲಿ ಹಾಸಿಗೆಯ ಮೇಲೆ ಅತ್ತೆ ಸೆರಗು ಮುಖಕ್ಕೆಳೆದು ಮಲಗಿದ್ದರು. ಪಕ್ಕದಲ್ಲಿ ಸಮಾಧಾನಮ್ಮ ಮೊಣಕಾಲು ಕಟ್ಟಿ ಕೂತಿದ್ದಳು. ಕನ್ನಡಕದವರು ಬಂದು ಕೂತು, ಸಮುದ್ರಕ್ಕೆ ಹೇಳುವ ಹಾಗೆ ಹೇಳಿದರು.

"ಅಂದ್ರೆ, ಗೊತ್ತಿತ್ತು ನಿಂಗೆ."

"ಏನು?"

"ಒಂದು ಮಾತಿಗೆ ನಾನು ಕರಗ್ತೀನಿ ಅಂತ. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಿಲ್ಲದೋರ ಮೇಲೆ ಏನು ಕೋಪ ಮಾಡ್ಕೊಳ್ಳೋದು ಅಂತ ಸುಮ್ಮನಿದ್ದೆ."

'ನಿಮ್ಮ ಬೇಸರ ನನಗೆ' ಎಂಬಷ್ಟು ಮಾತು ಸಮಾಧಾನಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. "ಯಾವ ವಿಷಯಕ್ಕೆ ರೀ? ಹೇಳಿ, ಕೇಳ್ತೀನಿ" ಎಂದಳು.

"ಎರಡನೇ ಅಂಗಡಿ ತೆಗೆದು, ನಷ್ಟ ಆಗಿ ಮುಚ್ಚಿದೆನಲ್ಲ, ಆವತ್ತು. ಬೀಗ ಹಾಕಿ ನಡ್ಕೊಂಡೇ ಮನೆಗೆ ಬಂದೆ. ಬಾಗಿಲಲ್ಲೇ ನಿಂಗೆ ಹೇಳಿದೆ, ಅಂಗಡಿ ಮುಚ್ಚಿಬಿಟ್ಟೆ ಕಣೇ ಅಂತ. ನೀನು ಆಗಷ್ಟೇ ಫೋನಿಟ್ಟಿದ್ದೆ. ಏನಂದೆ ನೆನಪಿದೆಯಾ?"

ಆಕೆಗೆ ನೆನಪಿರಲಿಲ್ಲ.

"ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ ಅಂದೆ."

ಎಲ್ಲಿಯೋ ಮಕ್ಕಳು ಕೂಗಾಡುತ್ತಿದ್ದರು. ಸಮಾಧಾನಮ್ಮನಿಗೆ ನಗು ಬಂದಂತಾಗಿ, ಅದು ಅರ್ಧ ದಾರಿಯಲ್ಲೇ ಬೇರೆ ಏನೋ ಆಯಿತು. ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತ ಗಂಡನನ್ನು ಆಕೆ ಈಗ ಕಂಡಳು.

"ತಪ್ಪಾಯ್ತು ರೀ" ಎಂದಳು. ಮುಂದೆ ಒಂದಕ್ಷರ ಸೇರಿಸಲಿಲ್ಲ.

ಅವರು ತಲೆಯಾಡಿಸಿದರು. ಆಕೆ ಕಣ್ಣೊರೆಸಿಕೊಂಡು, ಎಂದೋ ಮುಗಿಸಬೇಕಿದ್ದ ಕೆಲಸ ಕಡೆಗೂ ಮುಗಿಸಿದ ನೆಮ್ಮದಿಯಲ್ಲಿ, "ಸರಿ, ಮುಗೀತಲ್ಲ?" ಎಂದಳು.

"ಒಂದು ಮುಗೀತು" ಎಂದು ಕನ್ನಡಕದವರು ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂತರು. "ಇನ್ನು ಆ ಫೋನಿನ ವಿಷಯ. ಊಟದ ಹೊತ್ತಲ್ಲಿ ಗಿರಾಕಿ ಜೊತೆ ಮಾತಾಡ್ತೀಯಲ್ಲ, ಆಗ ನಿನ್ನ ದನಿ ಸಕ್ಕರೆ. ಫೋನಿಟ್ಟು ನನ್ನ ಕಡೆ ತಿರುಗಿದ್ರೆ ಸಕ್ಕರೆ ಮುಗಿದಿರುತ್ತೆ. ನಾನೂ ನಿಮ್ಮ ಕಂಪನಿದೊಂದು ಮಷೀನ್ ಕೊಂಡು ಕೆಡಿಸ್ಕೊಳ್ಳೋಣ ಅಂತ ಎಷ್ಟೋ ಸಲ ಅನ್ನಿಸಿದೆ."

ಸೆರಗಿನ ಒಳಗಿಂದ ದನಿ ಬಂತು. "ಕಪಾಟಿನ ಮೇಲಿನ ರೇಡಿಯೋ ಮಾರಿದ್ಲಲ್ಲ, ಅದನ್ನ ಹೇಳೋ."

"ಅಮ್ಮ, ನೀನು ಮಲಗು. ಅದು ಬರುತ್ತೆ, ವರಸೆ ಪ್ರಕಾರ ಹೋಗ್ತಾ ಇದೀನಿ."

ವರಸೆ ಪ್ರಕಾರವೇ ಹೋಯಿತು. ಬಿಸಿಲು ಇಳಿಯಿತು. ಕೆಲವಕ್ಕೆ ಆಕೆ ತಪ್ಪಾಯ್ತು ಎಂದಳು. ಕೆಲವಕ್ಕೆ, "ಅದು ನಾನಲ್ಲ, ನಿಮ್ಮ ತಂಗಿ" ಎಂದು ಜಗಳವಾಡಿದಳು. ಒಂದೆರಡಕ್ಕೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಇಷ್ಟು ಮಾತು ಈ ಮನುಷ್ಯನ ಒಳಗೆ ಎಲ್ಲಿತ್ತು ಎಂದು ಆಕೆಗೆ ಬೆರಗಾಯಿತು, ಒಳಗೊಳಗೇ ಸುಸ್ತೂ ಆಯಿತು. ಎಳೆದೊಯ್ಯುವ ಹಡಗು ಬಂದು, ಹಗ್ಗ ಬಿಗಿದು, ಜನರೆಲ್ಲ ಹೋ ಎಂದು ಕೂಗಿದಾಗ ಕನ್ನಡಕದವರ ದೂರುಗಳು ಇನ್ನೂ ಮದುವೆಯಾದ ಮೂರನೆಯ ವರ್ಷ ದಾಟಿರಲಿಲ್ಲ.

ದೂರದಲ್ಲಿ ದಡದ ದೀಪಗಳು ಕಂಡವು. ದಡ ಸಿಕ್ಕರೆ ಆಫೀಸು, ಆಫೀಸು ಸಿಕ್ಕರೆ ಬೇರೆಯವರ ದೂರು. ಸಮಾಧಾನಮ್ಮ ಹಗುರಾಗಿ ಉಸಿರುಬಿಟ್ಟು ಎದ್ದು ಹಾಸಿಗೆ ಸುತ್ತತೊಡಗಿದಳು. "ಉಳಿದದ್ದು ಇನ್ನು ಯಾವಾಗಲಾದ್ರೂ ನೋಡೋಣ ರೀ" ಎಂದಳು.

"ನೋಡೋಣ ಏನು ಬಂತು, ವ್ಯವಸ್ಥೆ ಆಗಿದೆ" ಎಂದರು ಗಂಡ.

"ಏನು ವ್ಯವಸ್ಥೆ? ಅರ್ಧ ದುಡ್ಡು ಬರೆಸಿಬಂದ್ರಲ್ವಾ?"

"ಇಲ್ಲ. ಪುಕ್ಕಟೆ ವಿಹಾರ ಬರೆಸಿದೆ. ಊರಲ್ಲಾದ್ರೆ ನೀನು ಫೋನ್ ಬಂತು ಅಂತ ಎದ್ದು ಹೋಗ್ತೀಯ."

ಸಮಾಧಾನಮ್ಮನ ಕೈಯಿಂದ ಹಾಸಿಗೆ ಬಿಚ್ಚಿಕೊಂಡಿತು. "ಇದೇ ಹಡಗಿನಲ್ಲಾ? ಮತ್ತೆ ಹೀಗೇ ಕೆಟ್ಟು ನಿಂತರೆ ಏನ್ರೀ ಗತಿ?"

"ನಾನೂ ಅದನ್ನೇ ಕ್ಯಾಪ್ಟನ್ನನ್ನ ಕೇಳಿದೆ" ಎಂದರು ಕನ್ನಡಕದವರು. ಹೊಗೆಯಾಡದ ಹೊಗೆಕೊಳವೆಯನ್ನು ಪ್ರೀತಿಯಿಂದ ಒಮ್ಮೆ ನೋಡಿದರು. "ಪ್ರಾಮಾಣಿಕ ಮನುಷ್ಯ. ಎಂಜಿನ್ ಹಳೇದು, ಮತ್ತೆ ಕೆಟ್ಟು ನಿಲ್ಲಲ್ಲ ಅಂತ ಮಾತ್ರ ಗ್ಯಾರಂಟಿ ಕೊಡಲಾರೆ ಅಂದ್ರು. ಆಮೇಲೇ ನಾನು ಬರೆಸಿದ್ದು."